ಕರಡಿಮರಿ ಹಾಲು ಕುಡಿದ ರಾತ್ರಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹನುಮಕ್ಕನ ತೋಳಿಗೆ ಹದಿನೇಳು ಹೊಲಿಗೆ ಬಿದ್ದಿವೆ. ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ನಾನೇ. ಅಂದಮೇಲೆ ಇದನ್ನು ಕನಸು ಎಂದು ಹೇಗೆ ಹೇಳಲಿ?

ಕೊಪ್ಪಳದ ಹೊರಗೆ, ಗುಡ್ಡದ ಬುಡದಲ್ಲಿ, ಗಾಯಗೊಂಡ ಕಾಡುಪ್ರಾಣಿಗಳನ್ನು ಆರೈಕೆ ಮಾಡುವ ಸಣ್ಣ ಕೇಂದ್ರದಲ್ಲಿ ನನ್ನ ಕೆಲಸ. ಹನುಮಕ್ಕ ನನಗಿಂತ ಹಿರಿಯಳು. ತಾಯಿ ಇಲ್ಲದ ಮರಿಗಳಿಗೆ ಹಾಲು ಕುಡಿಸುವುದರಲ್ಲಿ ಅವಳದು ಪಳಗಿದ ಕೈ.

ಹೋದ ಚಳಿಗಾಲದಲ್ಲಿ ಇರಕಲ್ಲಗಡದ ಕಡೆಯಿಂದ ಫೋನ್ ಬಂತು. ಕಾಡುಹಂದಿಗೆಂದು ಯಾರೋ ಇಟ್ಟಿದ್ದ ಸಿಡಿಮದ್ದಿನ ಉಂಡೆಯನ್ನು ತಾಯಿ ಕರಡಿ ಕಚ್ಚಿತ್ತು. ನಾವು ಹೋಗುವಷ್ಟರಲ್ಲಿ ಸತ್ತಿತ್ತು. ಕೆಳದವಡೆ ಇರಲೇ ಇಲ್ಲ... ಬಂಡೆಯ ಮೇಲೆಲ್ಲ ರಕ್ತ, ಹಲ್ಲಿನ ಚೂರು. ಮರಿ ತಾಯಿಯ ಬೆನ್ನ ಕೂದಲು ಹಿಡಿದು ಬಿಡಲೊಲ್ಲದು. ಹನುಮಕ್ಕ ಒಂದೊಂದೇ ಉಗುರು ಬಿಡಿಸಿ ಎತ್ತಿಕೊಂಡಳು. ಅರಣ್ಯದವರು ತಾಯಿಯನ್ನು ನಮ್ಮ ಕಣ್ಣೆದುರೇ ಸುಟ್ಟರು.

ಎರಡು ದಿನ ಮರಿ ಬಾಟಲಿಗೆ ಬಾಯಿ ಹಚ್ಚಲಿಲ್ಲ. ಇವತ್ತು ರಾತ್ರಿ ಕುಡಿಯದಿದ್ದರೆ ಉಳಿಯುವುದಿಲ್ಲ ಎಂದು ಪಶುವೈದ್ಯರು ಹೇಳಿ ಹೋದರು. ನಾವಿಬ್ಬರೂ ಕೇಂದ್ರದಲ್ಲೇ, ಮರಿಯ ಪಕ್ಕ ಉಳಿದೆವು.

ಹನ್ನೊಂದರ ಹೊತ್ತಿಗೆ ಒಂದು ವಾಸನೆ... ಸುಟ್ಟ ಕೂದಲು, ಅದರೊಳಗೆ ಪಟಾಕಿಯ ಘಾಟು. ಮರಿ ತಲೆ ಎತ್ತಿತು. ಹೊರಗೆ ಯಾವುದೋ ಉಸಿರು ಗೊರಗೊರ ಅನ್ನುತ್ತ ಗೋಡೆಗುಂಟ ಬರುತ್ತಿತ್ತು.

"ತಮ್ಮಾ, ದೀಪ ಆರ್ಸು," ಹನುಮಕ್ಕ ಪಿಸುಗುಟ್ಟಿದಳು.

ನಾನು ಸ್ವಿಚ್ಚಿಗೆ ಕೈ ಹಾಕುವ ಮೊದಲೇ ಬಾಗಿಲು ಮುರಿದು ಒಳಗೆ ಬಿತ್ತು. ಬಲ್ಬು ಒಡೆಯಿತು. ಕತ್ತಲಲ್ಲಿ ಹನುಮಕ್ಕ ಗೋಡೆಗೆ ಅಪ್ಪಳಿಸಿದ ಸದ್ದು... ಆಮೇಲೆ ಬಟ್ಟೆ ಹರಿದ ಸದ್ದು... ಆಮೇಲೆ ಬಟ್ಟೆಯಲ್ಲದ ಇನ್ನೇನೋ ಹರಿದ ಸದ್ದು. ನಾನು ಕಬ್ಬಿಣದ ರಾಡು ಬೀಸಿದೆ. ದಪ್ಪ ಕೂದಲಿನ ಮೈಗೆ ತಾಗಿತು. ಮತ್ತೆ ಮತ್ತೆ ಹೊಡೆದೆ. ಮುಖದ ಮೇಲೆ ಬಿಸಿ ರಕ್ತ ಚಿಮ್ಮಿತು. ಯಾರದ್ದೋ ತಿಳಿಯಲಿಲ್ಲ. ಕೈಗೆ ಸಿಕ್ಕ ಸೆರಗು ಹಿಡಿದು ಅವಳನ್ನು ಔಷಧಿ ಕೋಣೆಗೆ ಎಳೆದುಕೊಂಡು, ಬಾಗಿಲಿಗೆ ಕಪಾಟು ಅಡ್ಡ ತಳ್ಳಿದೆ.

ಅದು ನಮ್ಮ ಹಿಂದೆ ಬರಲಿಲ್ಲ.

ಗೋಡೆಯಾಚೆ ಗುಂಯ್... ಎಂಬ ಸದ್ದು ಶುರುವಾಯಿತು. ತಾಯಿಯ ಮೊಲೆ ಕುಡಿಯುವಾಗ ಕರಡಿಮರಿ ಹಾಗೆ ಗುನುಗುತ್ತದೆ. ನಾನು ಕಪಾಟು ಸರಿಸಲು ಎದ್ದೆ. ರಕ್ತದಲ್ಲಿ ತೊಯ್ದಿದ್ದ ಹನುಮಕ್ಕ ನನ್ನ ಮಣಿಕಟ್ಟು ಹಿಡಿದು, "ಸುಮ್ನಿರು. ಕುಡೀಲಿ," ಅಂದಳು.

ಸದ್ದು ನಿಂತ ಮೇಲೆ ಟಾರ್ಚ್ ಹಿಡಿದು ಹೊರಗೆ ಬಂದೆವು. ಯಾರೂ ಇರಲಿಲ್ಲ. ಮರಿ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು, ಮೂತಿಯ ತುಂಬ ಹಾಲು. ನಮ್ಮ ಬಾಟಲಿ ತುಂಬಿದ್ದದ್ದು ತುಂಬಿದ ಹಾಗೇ ಇತ್ತು.

ಹೊಲಿಗೆ ಹಾಕಿದ ಡಾಕ್ಟರು ಏನು ಕಚ್ಚಿತೆಂದು ಕೇಳಿದರು. ಕರಡಿ ಅಂದೆ. ಅವರು ತೋಳನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮ್ಯಾಲಿನ ಹಲ್ಲಿನ ಗುರ್ತು ಅಷ್ಟ ಅದಾವಲ್ರಿ. ಕೆಳಗಿನ್ವು ಎಲ್ಲಿ?"

ಗುಡ್ಡದಿಂದ ಬೇರೆ ಕರಡಿ ಬಂದಿರಬೇಕೆಂದು ಅರಣ್ಯದವರು ಬರೆದುಕೊಂಡು ಹೋದರು. ನಾನು ಹಗಲು ಪಾಳಿಗೆ ಬದಲಾದೆ. ಹನುಮಕ್ಕ ತಿಂಗಳ ಮೇಲೆ ಮರಳಿ ಬಂದವಳು ರಾತ್ರಿ ಪಾಳಿಯನ್ನೇ ಕೇಳಿ ಪಡೆದಳು. ಮರಿ ದಿನದಿನಕ್ಕೆ ಮೈ ತುಂಬಿಕೊಳ್ಳುತ್ತಿದೆ.

ಅದು ಮತ್ತೆ ಬರುತ್ತದೆಯೇ ಎಂದು ಮೊನ್ನೆ ಸಂಜೆ ಧೈರ್ಯ ಮಾಡಿ ಕೇಳಿದೆ. ಅವಳು ಗುಡ್ಡದ ಕಡೆ ನೋಡಿದಳು.

"ಕತ್ಲ ಆಗಾಕತ್ತೈತಿ ತಮ್ಮಾ. ನೀ ಮನಿಗಿ ಹೋಗು."

ಹೊರಟೆ. ರಾತ್ರಿ ಪಾಳಿಯವರು ಗೇಟಿಗೆ ಚಿಲಕ ಹಾಕಲೇಬೇಕು. ಆ ಸದ್ದಿಗಾಗಿ ಸ್ವಲ್ಪ ದೂರದಲ್ಲಿ ಬೈಕ್ ನಿಲ್ಲಿಸಿ ಕಾದೆ. ಕತ್ತಲಾಗುವವರೆಗೂ ಕಾದೆ... ಕೇಳಿಸಲಿಲ್ಲ.