ಆಪ್ತ ಸಮಾಲೋಚಕನಿಗೆ ಜತೆಗಾರರು

ಹಿರಿಯೂರು ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತಿದ್ದಾಗ, ದುರ್ಗದಲ್ಲಿ ನಡೆದ ತರಬೇತಿಯೊಂದಕ್ಕೆ ನನ್ನನ್ನು ಅಟ್ಟಿದರು. ಉಳಿದ ಮೇಷ್ಟ್ರುಗಳಿಗೆಲ್ಲ ಅಂದು ತಪ್ಪಿಸಲಾಗದ ಮದುವೆಗಳಿದ್ದವು. ಬೆಳಿಗ್ಗೆ ಮೇಷ್ಟ್ರಾಗಿ ಬಸ್ಸು ಹತ್ತಿದವನು ಸಂಜೆ ಮಕ್ಕಳ ಆಪ್ತ ಸಮಾಲೋಚಕನಾಗಿ ಇಳಿದೆ. ಸಂಬಳ ಏರಲಿಲ್ಲ, ಗಾಂಭೀರ್ಯ ಏರಿತು.

ಪ್ರಯೋಗಾಲಯದ ಮೂಲೆಯಲ್ಲಿ, ಅಸ್ಥಿಪಂಜರದ ಚಿತ್ರಪಟದ ಕೆಳಗೆ, ನನ್ನ ಪೀಠ ಸ್ಥಾಪನೆಯಾಯಿತು. ಮೊದಮೊದಲು ಯಾರೂ ಸುಳಿಯಲಿಲ್ಲ. ಆಮೇಲೆ ಊಟದ ಬಿಡುವಿನಲ್ಲಿ ಬಾಗಿಲಿಗೆ ಸಾಲು ನಿಂತಿತು. ಕುಡಿದು ಬರುವ ಅಪ್ಪ, ಮಾತು ಬಿಟ್ಟ ಗೆಳತಿ, ಪರೀಕ್ಷೆ ಹತ್ತಿರವಾದಂತೆ ಏಳುವ ಹೊಟ್ಟೆನೋವು. ಕೇಳಿದ್ದನ್ನು ಯಾರಿಗೂ ಹೇಳಬಾರದೆಂದು ತರಬೇತಿಯಲ್ಲಿ ತಾಕೀತು ಮಾಡಿದ್ದರು. ಆ ನಿಯಮವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆನೆಂದರೆ, ನನಗೆ ಸುಸ್ತಾಗಿದೆ ಎಂಬುದನ್ನೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಮುದ್ದೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದೆ.

"ಏನ್ರಿ, ಮುದ್ದೆ ಜತೆ ಸಮಾಲೋಚನೆ ನಡೀತೈತಾ?" ಎಂದಳು ಹೆಂಡತಿ.

ದಿನವೂ ತಪ್ಪದೆ ಬರುತ್ತಿದ್ದವಳು ಎಂಟನೇ ತರಗತಿಯ ಒಬ್ಬ ಹುಡುಗಿ. ತಾಯಿ ತೀರಿಕೊಂಡಿದ್ದಳು. ತಂದೆ ಕುರಿಮಂದೆ ಹೊಡೆದುಕೊಂಡು ಮೇವು ಇದ್ದ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ತರಗತಿಯಲ್ಲೂ ಮನೆಯಲ್ಲಿದ್ದ ಅಜ್ಜಿಯೆದುರೂ ಬಾಯಿ ಬಿಡದವಳು, ನನ್ನ ಮುಂದೆ ಮಾತ್ರ ತಾಯಿಯ ಬಗ್ಗೆ ಮಾತಾಡುತ್ತಿದ್ದಳು. ಅವಳು ಶಾಲೆಗೆ ಬರುತ್ತಿದ್ದುದೇ ಆ ಒಂದು ಆಸರೆಗೆ. ಒಂದು ಮಧ್ಯಾಹ್ನ ಅವಳು ಹೇಳುತ್ತಿರುವಾಗಲೇ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಅವಳು ಎದ್ದು ನಿಂತಿದ್ದಳು.

"ಮಲಗ್ರಿ ಸಾರ್," ಎಂದು ಮೆಲ್ಲಗೆ ಹೊರಟುಹೋದಳು.

ಮರುದಿನ ನನ್ನ ಬಳಿ ಬರಲಿಲ್ಲ. ಅದರ ಮುಂದಿನ ವಾರ ಶಾಲೆಗೇ ಬರಲಿಲ್ಲ. ನಾನು ಅವಳ ಹಟ್ಟಿಗೆ ಹೋದೆ. ಅಪ್ಪ ಮನೆಯಲ್ಲಿ ಬಿಟ್ಟುಹೋಗಿದ್ದ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಯಾಕಮ್ಮ ಬರ್ತಿಲ್ಲ?"

"ನನ್ ಮಾತು ಕೇಳಿ ಕೇಳಿ ನಿಮಗೆ ಸುಸ್ತಾಗೈತೆ ಸಾರ್."

"ಸುಸ್ತಾಗಿರೋದು ನಿಜ. ನಿನ್ನಿಂದಲ್ಲ."

ಅವಳು ಮರಿಯೊಂದರ ಬಾಯಿಗೆ ಸೊಪ್ಪು ಹಿಡಿದಳು. "ನಿಮಗೆ ಜತೆಗಾರ ಯಾರೂ ಇಲ್ವಾ? ನಮ್ಮಪ್ಪ ಮಲಗಿದ್ರೆ ಚಿಕ್ಕಪ್ಪ ಎದ್ದಿರ್ತಾನೆ. ಮಂದೆ ಒಬ್ರೇ ಕಾಯಲ್ಲ."

"ಲೇ, ಮೇಷ್ಟ್ರಿಗೇ ಪಾಠ ಹೇಳ್ತೀಯೇನೆ?" ಎಂದು ಅಜ್ಜಿ ಒಳಗಿನಿಂದ ಗದರಿದಳು. "ಕುಂತ್ಕಳ್ರಿ ಸ್ವಾಮಿ, ಮಜ್ಜಿಗೆ ಕುಡೀರಿ."

ಮಾರನೆಯ ದಿನ ನಾನು ಶಿಕ್ಷಕರ ಕೋಣೆಯಲ್ಲಿ ಎದ್ದು ನಿಂತು, ನಿವೃತ್ತಿ ಭಾಷಣದ ಧಾಟಿಯಲ್ಲಿ, ಈ ಸಮಾಲೋಚನೆ ಒಬ್ಬನ ಕೈಲಾಗದು, ಜತೆಗಾರರು ಬೇಕೆಂದು ಘೋಷಿಸಿದೆ. ಲೆಕ್ಕದ ಮೇಡಂ ಗಾಬರಿಯಾದರು.

"ನನ್ನ ಕೈಲಿ ಆಗೋ ಕೆಲಸವೇನ್ರಿ? ನನ್ನ ನೋಡಿದ್ರೇ ಮಕ್ಕಳು ಅಳ್ತವೆ."

"ಹಂಗಾರೆ ಅರ್ಧ ಕೆಲಸ ಆತಲ್ರಿ ಮೇಡಂ," ಎಂದರು ಡ್ರಿಲ್ ಮೇಷ್ಟ್ರು.

ನಗೆ ಇಳಿದ ಮೇಲೆ ಮೇಡಂ, ಡ್ರಿಲ್ ಮೇಷ್ಟ್ರು, ನಾನು ಮೂವರೂ ಮಕ್ಕಳ ಮಾತು ಕೇಳುವ ದಿನಗಳನ್ನು ಹಂಚಿಕೊಂಡೆವು. ಒಬ್ಬರು ಕೇಳಿದ್ದು ಮಗುವಿನ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಕೂಡದು. ನಮ್ಮ ಆಯಾಸವನ್ನು ಮಾತ್ರ ಎಷ್ಟು ಬೇಕಾದರೂ ಹೇಳಿಕೊಳ್ಳಬಹುದು. ಸಂಜೆ ಮತ್ತೆ ಹಟ್ಟಿಗೆ ಹೋಗಿ ಹುಡುಗಿಗೆ ಈ ವ್ಯವಸ್ಥೆಯನ್ನು ತಿಳಿಸಿದೆ.

"ಲೆಕ್ಕದ ಮೇಡಂ ಹೊಡೆಯಲ್ಲ ತಾನೆ?"

"ಲೆಕ್ಕ ತಪ್ಪಿದ್ರೆ ಬೈತಾರೆ. ಅಲ್ಲಿ ಲೆಕ್ಕ ಇರಲ್ಲ."

ಅವಳು ಶಾಲೆಗೆ ಬಂದಳು. ಕೆಲವು ದಿನಗಳ ನಂತರ, ಊಟ ಮುಗಿಸಿ ಬೇವಿನ ಮರದ ಪಕ್ಕ ಹೋಗುತ್ತಿದ್ದಾಗ ಕಂಡೆ: ಇಡೀ ಹೈಸ್ಕೂಲನ್ನು ನಡುಗಿಸುವ ಲೆಕ್ಕದ ಮೇಡಂ ಕಟ್ಟೆಯ ಮೇಲೆ ಕೂತು ಅವಳ ಜಡೆ ಹೆಣೆಯುತ್ತಿದ್ದರು.

"ಹಂಗಲ್ಲ ಮೇಡಂ, ಇನ್ನೂ ಬಿಗಿ! ನಮ್ಮವ್ವ ಹಿಂಗೆ ಸಡ್ಲ ಹಾಕ್ತಿರ್ಲಿಲ್ಲ."

ಮೇಡಂ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದರು. ನನ್ನೆದುರು ಅವಳು ಒಮ್ಮೆಯೂ ಹೀಗೆ ದನಿಯೆತ್ತಿ ಮಾತಾಡಿರಲಿಲ್ಲ. ನನಗೆ ತುಸು ಹೊಟ್ಟೆಕಿಚ್ಚಾಯಿತು. ಆದರೂ ಅಲ್ಲಿ ನಿಲ್ಲದೆ ಸದ್ದಾಗದಂತೆ ದಾಟಿಹೋದೆ. ಅಂದು ನನ್ನ ಸರದಿಯಾಗಿರಲಿಲ್ಲ.