ಕಾರಿನಡಿಯ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನೊಳಗೆ ಬಣ್ಣ ಮಾಸಿದ ಹಳೆಯ ಟ್ಯಾಕ್ಸಿಯೊಂದು ಮುಂದಿನ ಚಕ್ರಗಳಿಲ್ಲದೆ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಂತಿದೆ. ಅದರಡಿಯಿಂದ ಹೊರಗೆ ಕಾಣುವುದು ಎರಡು ಪಾದ ಮಾತ್ರ. ತುಕ್ಕು ಹಿಡಿದ ಬೋಲ್ಟೊಂದು ಜಗ್ಗುತ್ತಿಲ್ಲ. ಸ್ಪ್ಯಾನರ್ ಜಾರಿದ ಸದ್ದು, ನಿಟ್ಟುಸಿರು, ಮತ್ತೆ ಸ್ಪ್ಯಾನರ್.

ಟ್ಯಾಕ್ಸಿಯ ಚಾಲಕ ಒಳಗೆ ಬರುತ್ತಾನೆ. ಆ ಪಾದಗಳನ್ನು ದಾಟಿಕೊಂಡು ಹೋಗಿ, ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಗಂಡಸನ್ನು ಕೇಳುತ್ತಾನೆ: "ಮೇಸ್ತ್ರಿ, ಎಷ್ಟೊತ್ತಿಗೆ ಆಗುತ್ತೆ?"

"ಮಾಡ್ತಾ ಇದೀವಲ್ಲಪ್ಪ," ಎನ್ನುತ್ತಾರೆ ಮೇಸ್ತ್ರಿ. ಅವರ ಕೈಯಲ್ಲಿರುವುದು ಟೀ ಲೋಟ.

ಕೆಲಸ ಯಾರದೆಂದು ಚಾಲಕನಿಗೂ ಗೊತ್ತು. ಆದರೂ ಮೇಸ್ತ್ರಿಯನ್ನೇ ಕೇಳಬೇಕು. ಅದು ಈ ಶೆಡ್ಡಿನ ಮರ್ಯಾದೆ. ಕಾರಿನಡಿಯಲ್ಲಿ ಇರುವುದು ಮೇಸ್ತ್ರಿಯ ಹೆಂಡತಿ. ಟ್ಯಾಕ್ಸಿಯವರು ಅವರ ಬೆನ್ನ ಹಿಂದೆ 'ಬುಷ್ ಅಕ್ಕ' ಎನ್ನುತ್ತಾರೆ. ಮೇಸ್ತ್ರಿಯ ಎದುರಿಗೆ ಯಾರೂ ಹಾಗೆನ್ನುವುದಿಲ್ಲ.

ಕಾರಿನ ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಗಾಡಿಯ ಅಡಿಚೌಕಟ್ಟಿಗೆ ಸೇರುವ ಕಡೆ ಒಂದು ರಬ್ಬರಿನ ಬಳೆ ಇರುತ್ತದೆ. ಅದೇ ಬುಷ್. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ಏಟೆಲ್ಲ ತಾನೇ ತಿನ್ನುತ್ತದೆ. ಹಳೆಯ ಕಾರುಗಳಲ್ಲಿ ಅದು ಸೀಳಿ, ಜಜ್ಜಿ, ಪುಡಿಯಾಗಿರುತ್ತದೆ. ಆಗ ಪ್ರತಿ ಗುಂಡಿಗೂ ಕಟ ಕಟ ಸದ್ದು. ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಅಕ್ಕ ತೋಳನ್ನು ಬಿಚ್ಚಿ ಎಳೆದುಕೊಂಡು ಹೊರಗೆ ಬರುತ್ತಾರೆ. ಮೈಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಬಿಗಿದ ಬಟ್ಟೆ. ಹಳೆಯ ಬುಷ್ಷನ್ನು ಕೆಲವರು ಬೆಂಕಿಗೆ ಹಿಡಿದು ಸುಟ್ಟು ತೆಗೆಯುತ್ತಾರೆ. ಅಕ್ಕನಿಗೆ ಆ ಹೊಗೆ ಆಗದು. ಗರಗಸದ ಬ್ಲೇಡನ್ನು ಒಳಗೆ ತೂರಿಸಿ, ಬುಷ್ಷಿನ ಹೊರಗಿನ ತಗಡಿನ ಕವಚವನ್ನು ಸೀಳುತ್ತಾರೆ. ಒಳ್ಳೆಯ ದಿನವಾದರೆ ಎರಡು ಕಾರು ಮುಗಿಯುತ್ತವೆ, ಬೋಲ್ಟು ಮುನಿಸಿಕೊಂಡ ದಿನ ಒಂದೂ ಇಲ್ಲ.

ಮದುವೆಯಾಗಿ ಬಂದಾಗ ಈ ಶೆಡ್ಡಿಗೆ ಅವರ ಪ್ರವೇಶ ಟೀ ಲೋಟದೊಂದಿಗೆ ಮಾತ್ರವಂತೆ. ಆಮೇಲೆ ಸ್ಪ್ಯಾನರ್ ಎತ್ತಿಕೊಡತೊಡಗಿದರು. ಬರುಬರುತ್ತಾ ಗಂಡ ಕೇಳುವ ಮೊದಲೇ ಬೇಕಾದ ಸ್ಪ್ಯಾನರ್ ಕೈಗಿಡುವಷ್ಟಾಯಿತು. "ಜಾಸ್ತಿ ತಿಳ್ಕೋಬೇಡ," ಎನ್ನುತ್ತಿದ್ದರಂತೆ ಮೇಸ್ತ್ರಿ.

ಒಂದು ಮಧ್ಯಾಹ್ನ ಮೇಸ್ತ್ರಿ ಅವಸರದಲ್ಲಿದ್ದರು. ಕಾರನ್ನು ಜ್ಯಾಕಿನ ಮೇಲಷ್ಟೇ ನಿಲ್ಲಿಸಿ ಅಡಿಗೆ ನುಗ್ಗಿದರು. ಸ್ಟ್ಯಾಂಡ್ ಇಟ್ಟುಕೊಳ್ಳಿ ಎಂದು ಅಕ್ಕ ಹೇಳಿದ್ದಕ್ಕೆ, ಹೆಂಗಸಿನ ಕೈಲಿ ಕೆಲಸ ಕಲಿಯುವ ಗತಿ ತನಗಿನ್ನೂ ಬಂದಿಲ್ಲ ಎಂಬ ಉತ್ತರ ಬಂತು. ಜ್ಯಾಕು ಜಾರಿತು. ಕಾರು ಸೊಂಟದ ಮೇಲೆ ಕೂತಿತು. ಮತ್ತೆ ಜ್ಯಾಕು ಹೂಡಿ ಕಾರೆತ್ತಿ ಗಂಡನನ್ನು ಎಳೆದು ತೆಗೆದವರು ಅಕ್ಕನೇ. ಅಂದಿನಿಂದ ಮೇಸ್ತ್ರಿ ಬಗ್ಗಲಾರರು.

ಅವರು ಆಸ್ಪತ್ರೆಯಲ್ಲಿದ್ದಾಗ ಅರ್ಧಕ್ಕೆ ನಿಂತಿದ್ದ ಆ ಕಾರನ್ನು ಅಕ್ಕ ಮುಗಿಸಿಕೊಟ್ಟರು. ಮನೆಗೆ ಬಂದ ಮೇಸ್ತ್ರಿಗೆ ವಿಷಯ ತಿಳಿಯಿತು. ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದರು. "ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಅಕ್ಕ.

ಬುಷ್ ಹಾಕುವುದರಲ್ಲಿ ಒಂದು ಮರ್ಮವಿದೆ. ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಬೋಲ್ಟು ಬಿಗಿಯಬಾರದು. ಚಕ್ರ ನೆಲಕ್ಕೂರಿ, ಗಾಡಿಯ ಭಾರವೆಲ್ಲ ಬಿದ್ದ ಮೇಲೆಯೇ ಕೊನೆಯ ಬಿಗಿತ. ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಕ್ಕನಿಗೆ ಆಗ ಇದು ಗೊತ್ತಿರಲಿಲ್ಲ. ಮೇಸ್ತ್ರಿ ಮನೆಗೆ ಬಂದ ಮೇಲೆ ಹಿಡಿದ ಗಾಡಿಗಳಿಗೂ, ಅವು ಎತ್ತರದಲ್ಲಿರುವಾಗಲೇ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬಿಗಿದರು. ಮೇಸ್ತ್ರಿ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಹೇಳಲಿಲ್ಲ.

ಹೊಸ ಬುಷ್ ತಿಂಗಳೊಳಗೆ ಹರಿದವು. ಗಾಡಿಯವರು ಬಂದು ಕೂಗಾಡಿದರು. ಹೆಂಗಸಿನ ಕೈಗೆ ಕೊಟ್ಟರೆ ಇನ್ನೇನಾಗುತ್ತದೆ ಎಂದು ಮೇಸ್ತ್ರಿ ಅವರೊಂದಿಗೆ ದನಿ ಸೇರಿಸಿದರು. ಅಕ್ಕ ಹರಿದ ಬುಷ್‌ಗಳನ್ನು ಸಾಲಾಗಿಟ್ಟು ನೋಡಿದರು. ಎಲ್ಲವೂ ಒಂದೇ ದಿಕ್ಕಿಗೆ ಸೀಳಿದ್ದವು. ಯಾಕೆಂದು ಕಾರನ್ನು ಏರಿಸಿ, ಇಳಿಸಿ, ತೋಳು ತಿರುಗುವುದನ್ನು ನೋಡಿ ನೋಡಿ ಅರ್ಥಮಾಡಿಕೊಂಡರು.

"ಕೆಲಸ ಗೊತ್ತಿಲ್ಲದೆ ಹಾಳು ಮಾಡಿದ್ದು ನಾನು, ಒಪ್ಕೋತೀನಿ," ಎನ್ನುತ್ತಾರೆ ಅಕ್ಕ. "ಗೊತ್ತಿದ್ದು ನೋಡ್ತಾ ಕೂತಿದ್ರಲ್ಲ, ಅದು ಮಾತ್ರ ಗಂಟಲಲ್ಲೇ ಇದೆ. ಒಳಗೂ ಹೋಗಲ್ಲ, ಹೊರಗೂ ಬರಲ್ಲ."

ಕೈ ಕುದುರಿತು. ಗಾಡಿಗಳು ಬರತೊಡಗಿದವು. ಆಗ ಇನ್ನೊಂದು ನಡೆಯಿತು. ಕಾಯಿಲೆ ಬಿದ್ದ ತಮ್ಮ ಒಡಹುಟ್ಟಿದ ಅಕ್ಕನನ್ನು ನೋಡಿಕೊಳ್ಳಲು ಬುಷ್ ಅಕ್ಕ ಕೆಲವು ದಿನ ಹೋಗಿದ್ದರು. ತಿರುಗಿ ಬಂದಾಗ ಬುಷ್ ಒತ್ತುವ ಪ್ರೆಸ್ ಇದ್ದ ಜಾಗದಲ್ಲಿ ಸಿಮೆಂಟು ನೆಲ, ಬೋಲ್ಟು ಕಿತ್ತ ತೂತು. ಮೇಸ್ತ್ರಿ ಅದನ್ನು ಗುಜರಿಗೆ ಹಾಕಿದ್ದರು. ಕೇಳಿದರೆ, ಹಳೇ ಸಾಮಾನು, ಜಾಗಕ್ಕೆ ದಂಡ ಎಂದರಂತೆ.

ಅಕ್ಕ ಜಗಳಕ್ಕೆ ನಿಲ್ಲಲಿಲ್ಲ. ಚೀಲ ಕೆಳಗಿಟ್ಟವರೇ ಗುಜರಿಯವನ ಬಳಿ ಹೋದರು. ನಿನ್ನ ಗಂಡನೇ ಮಾರಿದ್ದು, ನನ್ನದೇನು ತಪ್ಪು ಎಂದು ಅವನು ಕೈ ತೊಳೆದುಕೊಂಡ. ಅವನ ಪಿಕಪ್ ಗಾಡಿ ಅಲ್ಲೇ ನಿಂತಿತ್ತು. ಅದು ಬೀದಿಗೆ ಬಂದರೆ ಪಾತ್ರೆ ಅಂಗಡಿ ಉರುಳಿದಂತೆ ಸದ್ದು. ಅದರ ಬುಷ್ಷನ್ನೆಲ್ಲ ತಾನು ಹಾಕಿಕೊಡುವುದಾಗಿ, ಪ್ರೆಸ್ ಇಲ್ಲದೆ ಅದು ಆಗುವುದಿಲ್ಲವೆಂದು ಅಕ್ಕ ಹೇಳಿದರು. ಗುಜರಿಯವನು ತಲೆ ಕೆರೆದುಕೊಂಡ. ಸಂಜೆ ಅದೇ ಪಿಕಪ್‌ನಲ್ಲಿ ಪ್ರೆಸ್ ಮನೆಗೆ ಬಂತು. ಇಳಿಸುವುದನ್ನು ಮೇಸ್ತ್ರಿ ನೋಡಿದರು. ಅಕ್ಕ ಊಟ ಬಡಿಸಿದರು, ಅವರು ಉಂಡರು.

ಇವರ ಬಗ್ಗೆ ಬರೆಯಲೆಂದು ಬಂದಿದ್ದ ನಾನು, ಇದನ್ನು ಬಿಟ್ಟು ಬೇರೆ ಕಡೆ ಶೆಡ್ ಮಾಡಬಾರದೇ ಎಂದು ಕೇಳಿದೆ. ಅಕ್ಕ ಹೊಸ ಬುಷ್‌ಗೆ ಸೋಪಿನ ನೀರು ಸವರುತ್ತಿದ್ದರು.

"ಎಲ್ಲಿಗೆ ಹೋಗ್ಲಿ? ಜಾಗ ಅವರದು, ಬೋರ್ಡಲ್ಲಿ ಹೆಸರೂ ಅವರದೇ. ನಂದು ಅಂತ ಇರೋದು ಈ ಎರಡು ಕೈ. ಎತ್ತು ದುಡೀತು, ಕುದುರೆ ತಿಂತು. ಈಗ ಕುದುರೆಗೂ ಸೊಂಟ ಮುರಿದಿದೆ, ಯಾರನ್ನ ಬೈಯೋದು?"

ಮೇಸ್ತ್ರಿಯನ್ನೂ ಮಾತಾಡಿಸಿದೆ. ಎಲ್ಲವನ್ನೂ ಹೇಳಿಕೊಟ್ಟದ್ದು ತಾನೇ ಎಂದರು. ನಾನು ಅದನ್ನು ಬರೆದುಕೊಳ್ಳದ್ದನ್ನು ಕಂಡು, ದನಿ ತಗ್ಗಿಸಿ ಸೇರಿಸಿದರು: "ನೋಡಿ ಕಲಿತಳು. ಕದ್ದ ವಿದ್ಯೆ."

ಪ್ರೆಸ್ಸಿನ ಹಿಡಿಕೆ ತಿರುಗುತ್ತದೆ. ಬುಷ್ ಓರೆಯಾಗದೆ ತೋಳಿನ ಕಣ್ಣಿನೊಳಗೆ ಇಳಿಯುತ್ತದೆ. ತೋಳು ಕಾರಿಗೆ, ಚಕ್ರ ತೋಳಿಗೆ, ಕಾರು ನೆಲಕ್ಕೆ. ಕೊನೆಯ ಬಿಗಿತಕ್ಕೆ ಅಕ್ಕ ಮತ್ತೆ ಅಡಿಗೆ ತೂರುತ್ತಾರೆ.

ಇವತ್ತು ಮೇಸ್ತ್ರಿಯ ಸೊಂಟವನ್ನು ಡಾಕ್ಟರಿಗೆ ತೋರಿಸುವ ದಿನ. ಆಸ್ಪತ್ರೆಗೆ ಹೋಗುವ ರಸ್ತೆ ಉದ್ದಕ್ಕೂ ಕಿತ್ತು ಬಿದ್ದಿದೆ. ಪ್ರತಿ ಸಲ ಯಾವ ಗಾಡಿಯಲ್ಲಿ ಹೋದರೂ ಗುಂಡಿ ಗುಂಡಿಗೂ ಅವರ ನರಳಾಟ. ಈ ಟ್ಯಾಕ್ಸಿಯಲ್ಲೇ ಕಳಿಸಬೇಕೆಂದು ಅಕ್ಕ ಬೆಳಕು ಹರಿಯುವ ಮೊದಲೇ ಎದ್ದದ್ದು. ಅದನ್ನು ನನಗೆ ಹೇಳಿದವನು ಚಾಲಕ.

ಅವರು ತಿರುಗಿ ಬರುವಾಗ ಬಿಸಿಲು ನೆತ್ತಿಗೇರಿದೆ. ಹಿಂದಿನ ಸೀಟಿನಲ್ಲಿ ಮೇಸ್ತ್ರಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಾರೆ. ಚಾಲಕ ಮುಟ್ಟಿ ಎಬ್ಬಿಸುತ್ತಾನೆ. ಅವರು ಊರುಗೋಲು ಹಿಡಿದು ಇಳಿದು, ಟ್ಯಾಕ್ಸಿಯ ಚಕ್ರವನ್ನು ಒಂದು ಗಳಿಗೆ ನೋಡಿ, ಮುಖ ತಿರುಗಿಸುತ್ತಾರೆ.

"ರಸ್ತೆ ರಿಪೇರಿ ಮಾಡಿದಾರೆ ಅನ್ಸುತ್ತೆ," ಎನ್ನುತ್ತಾರೆ.

ಚಾಲಕ ಬಾಯಿ ತೆರೆಯುತ್ತಾನೆ. ಬೇಡವೆಂದು ಅಕ್ಕ ಕಣ್ಣಲ್ಲೇ ತಡೆಯುತ್ತಾರೆ. ಮೇಸ್ತ್ರಿ ನಿಧಾನವಾಗಿ ಮನೆಯೊಳಗೆ ಹೋಗುವವರೆಗೂ ಕಾಯುತ್ತಾರೆ. ಆಮೇಲೆ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, ಯಾರ ಕಡೆಗೂ ನೋಡದೆ ಹೇಳುತ್ತಾರೆ:

"ರಸ್ತೆ ಇದ್ದ ಹಾಗೇ ಇದೆ."