ಚಿಕ್ಕಪ್ಪನಿಲ್ಲದೆ ಬಿಚ್ಚಿದ ಬ್ಲೇಡು

ಅಪ್ಪ ಮತ್ತು ಚಿಕ್ಕಪ್ಪ ಸೇರಿ ಒಂದು ಹಳೆಯ ನೀರಿನ ಟ್ಯಾಂಕರ್ ಲಾರಿ ಇಟ್ಟುಕೊಂಡಿದ್ದರು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅರೆಕೆರೆಯ ಕಡೆ ಹೊಸ ಮನೆಗಳು ಏಳುತ್ತಿದ್ದವು. ಕಾವೇರಿ ನೀರು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಬನಶಂಕರಿಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೆವು. ಪಕ್ಕದ ಖಾಲಿ ಸೈಟಿನಲ್ಲಿ ಲಾರಿ ನಿಲ್ಲುತ್ತಿತ್ತು. ಓಡಿಸುವುದು ಅಪ್ಪ, ರಿಪೇರಿ ಮಾತ್ರ ಇಬ್ಬರದೂ. ಲಾರಿಯನ್ನು ಗ್ಯಾರೇಜಿಗೆ ಬಿಟ್ಟದ್ದು ನನಗೆ ನೆನಪೇ ಇಲ್ಲ. ಭಾನುವಾರ ಇಬ್ಬರೂ ಅದರಡಿ ತೂರಿದರೆಂದರೆ ಮಧ್ಯಾಹ್ನದವರೆಗೂ ಅವರ ಜಗಳ ಅಡುಗೆಮನೆಗೆ ಕೇಳುತ್ತಿತ್ತು.

ಚಿಕ್ಕಪ್ಪ ಕಾಮಾಲೆಯಿಂದ ತೀರಿಕೊಂಡಾಗ ನಾನು ಜಯನಗರದಲ್ಲಿ ಕಾಲೇಜು ಓದುತ್ತಿದ್ದೆ. ಚಿಕ್ಕಮ್ಮ ಯಾರ ಮುಂದೆಯೂ ಅಳಲಿಲ್ಲ. ತಿಥಿ ಮುಗಿದ ಮಾರನೆಯ ದಿನ ಎಂದಿನಂತೆ ದೋಸೆಗೆ ಹಿಟ್ಟು ರುಬ್ಬಿದರು. ಬಂದವರು ಅದನ್ನೇ ಆಡಿಕೊಂಡರು.

ಕೆಲವು ತಿಂಗಳ ಮೇಲೆ, ಅರೆಕೆರೆಯ ಹಳ್ಳದ ರಸ್ತೆಯಲ್ಲಿ ಲಾರಿಯ ಹಿಂದಿನ ಬ್ಲೇಡು ಮುರಿಯಿತು. ಚಕ್ರದ ಮೇಲೆ ಬಿಲ್ಲಿನಂತೆ ಬಾಗಿ ಇಡೀ ಭಾರ ಹೊರುವ ಉಕ್ಕಿನ ಪಟ್ಟಿಗಳು ಅವು. ಅಪ್ಪ ನೀರು ಚೆಲ್ಲಿ, ಒಂದು ಪಕ್ಕಕ್ಕೆ ವಾಲಿದ ಲಾರಿಯನ್ನು ಮೆಲ್ಲಗೆ ಮನೆಗೆ ತಂದರು.

"ರೀ, ಗ್ಯಾರೇಜಿಗೆ ಹಾಕಿ. ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು" ಎಂದರು ಅಮ್ಮ.

"ಇದನ್ನ ಎಷ್ಟು ಸಲ ಬಿಚ್ಚಿಲ್ಲ? ಬೇರೆಯವರ ಕೈ ಯಾಕೆ ತಗುಲಿಸ್ಬೇಕು?"

"ಬಿಚ್ಚಿದ್ದು ನೀವಿಬ್ರು."

ಲಾರಿ ನಿಂತೇ ಇತ್ತು. ನೀರು ಬೇಕೆಂದು ಫೋನ್ ಬಂದರೆ ಅಪ್ಪ ನಾಳೆ ಎನ್ನುತ್ತಿದ್ದರು. ಬೆಳಗ್ಗೆ ಎದ್ದು ಅದರ ಸುತ್ತ ಒಂದು ಸುತ್ತು ಹಾಕುವುದು, ಬಗ್ಗಿ ನೋಡುವುದು, ಒಳಗೆ ಬಂದು ಪೇಪರ್ ಹಿಡಿಯುವುದು.

ಭಾನುವಾರ ಯಾರಿಗೂ ಹೇಳದೆ ಹೋಗಿ ಜಾಕಿ ಏರಿಸಿ, ಮರದ ದಿಮ್ಮಿ ಕೊಟ್ಟು, ಚಕ್ರ ಬಿಚ್ಚಿದರು. ಬ್ಲೇಡು ಬಿಗಿದಿದ್ದ ನಟ್ಟುಗಳು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಅವರು ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಹಿಡಿಯುವವರಿಲ್ಲ. ನಾನು ಹತ್ತಿರ ಹೋದೆ. "ನೀನು ಹೋಗಮ್ಮ, ಓದ್ಕೋ" ಎಂದರು.

ಆಗ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದು ಮಣ್ಣಿನಲ್ಲೇ ಮಂಡಿಯೂರಿದರು. "ಎಲ್ಲಿ ಹಿಡೀಬೇಕು ಹೇಳಿ, ಭಾವ."

"ಬೇಡಮ್ಮ, ನಿನಗಾಗಲ್ಲ."

ಅಷ್ಟರಲ್ಲಿ ಅವರು ಸ್ಪ್ಯಾನರ್ ಹಿಡಿದಾಗಿತ್ತು. ಅಪ್ಪ ಲಾರಿಯಡಿಯಿಂದ ಶಕ್ತಿಯೆಲ್ಲ ಹಾಕಿ ಜಗ್ಗಿದರು. ಒಂದು ನಟ್ಟು ಕಟಕ್ಕೆಂದು ಸಡಿಲವಾಯಿತು.

"ಹಾಂ, ಬಂತು ಬಂತು! ಬಿಡಬೇಡ ಕಣೋ" ಎಂದರು ಅಪ್ಪ.

ಅದು ಅವರು ಚಿಕ್ಕಪ್ಪನಿಗೆ ಹೇಳುತ್ತಿದ್ದ ಮಾತು. ಅಪ್ಪ ತುಂಬ ಹೊತ್ತು ಲಾರಿಯಡಿಯಿಂದ ಹೊರಗೆ ಬರಲೇ ಇಲ್ಲ. ಬಂದು ಚಕ್ರಕ್ಕೆ ಒರಗಿ ಕೂತಾಗ ಮುಖವನ್ನೆಲ್ಲ ಟವೆಲಿನಿಂದ ಮುಚ್ಚಿಕೊಂಡಿದ್ದರು.

"ಸಾಕು ಭಾವ," ಎಂದರು ಚಿಕ್ಕಮ್ಮ. "ಅವರಿದ್ರು, ಮಾಡಿದ್ರಿ. ಈಗ ನಿಮಗೂ ಏನಾದ್ರೂ ಆದ್ರೆ ನಾವು ಯಾರ ಮುಖ ನೋಡೋಣ? ಮೆಕ್ಯಾನಿಕ್‌ನ ಕರೆಸಿ."

ಅಪ್ಪ ತಲೆಯಾಡಿಸಿದರು. ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜಿನವರು ಹೊಸ ಬ್ಲೇಡು ತಂದು ಸಂಜೆಯೊಳಗೆ ಕೂರಿಸಿದರು. ಅವರು ಕೆಲಸ ಮಾಡುವಷ್ಟು ಹೊತ್ತೂ ಅಪ್ಪ ರಸ್ತೆಯಾಚೆ ನಿಂತಿದ್ದರು, ಅಪರಿಚಿತರ ಹಾಗೆ. ಲಾರಿಯನ್ನು ಇನ್ನೂ ಕೆಲವು ವರ್ಷ ಓಡಿಸಿದರು. ಅದರಡಿಗೆ ಮಾತ್ರ ಮತ್ತೆ ಹೋಗಲಿಲ್ಲ.

ಅವತ್ತು ಹಿತ್ತಲಲ್ಲಿ ಚಿಕ್ಕಮ್ಮನ ಕೈ ತೊಳೆಸಲು ನಾನು ನೀರು, ಸೋಪಿನ ಪುಡಿ ತೆಗೆದುಕೊಂಡು ಹೋದೆ. ಅಂಗೈಗಳು ಗ್ರೀಸಿನಿಂದ ಕಪ್ಪಾಗಿದ್ದವು. ನಾನು ಚೊಂಬು ಬಗ್ಗಿಸುವ ಮುಂಚೆ ಅವರು ಎರಡೂ ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು.

"ಅವರ ಕೈ ಹೀಗೇ ವಾಸನೆ ಬರ್ತಿತ್ತು ಕಣೇ," ಎಂದರು. "ಊಟಕ್ಕೆ ಕೂತಾಗ ಬೈತಿದ್ದೆ."

ಒಗೆಯುವ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತರು. ಅಮ್ಮ ಓಡಿ ಬಂದು ಅವರನ್ನು ಅಪ್ಪಿಕೊಂಡರು.